ಬಿಲ್ಲು ಯಾರ ಹೆಸರಿಗೆ? ಸೇಂಟ್ ಅಥನ್ ಸೈನಿಕ ಅಕಾಡೆಮಿ ಆಗದೇ ಹೋದ ಬಗೆ

ಅಧ್ಯಕ್ಷರೇ, ಸ್ನೇಹಿತರೇ,

ಸೈನ್ಯದ ವಿಷಯ, ತಲೆಬರಹದಲ್ಲಿ ಬಿಲ್ಲು ಬೇರೆ ಇದೆ. ಬತ್ತಳಿಕೆ, ಬಾಣ ಎಂದೆಲ್ಲ ಎಣಿಸಿ ಬಂದವರು ಮನ್ನಿಸಬೇಕು. ಇದು ದುಡ್ಡು ಕೊಟ್ಟ ಮೇಲೆ ಹರಿದು ಕೊಡುವ ಬಿಲ್ಲು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಹಿನ್ನೆಲೆ ನಿಮಗೆ ಗೊತ್ತಿರುವುದೇ, ಎರಡು ಮಾತಿನಲ್ಲಿ ಮುಗಿಸುತ್ತೇನೆ. ದಕ್ಷಿಣ ವೇಲ್ಸ್‌ನಲ್ಲಿ ಕಾರ್ಡಿಫ್‌ನ ಪಶ್ಚಿಮಕ್ಕೆ, ಕಡಲಿಗೆ ಹತ್ತಿರವಾಗಿ ಸೇಂಟ್ ಅಥನ್ ಎಂಬ ಹಳ್ಳಿ. 1938ರಲ್ಲಿ ಅಲ್ಲಿ ವಾಯುಪಡೆಯ ನೆಲೆ ಶುರುವಾಯಿತು. 2007ರ ಜನವರಿ 17ರಂದು ರಕ್ಷಣಾ ಮಂತ್ರಿ ಡೆಸ್ ಬ್ರೌನ್ ಒಂದು ಘೋಷಣೆ ಮಾಡಿದರು: ಮೂರೂ ಪಡೆಗಳ ತಾಂತ್ರಿಕ ತರಬೇತಿಯನ್ನು ಅಲ್ಲಿಗೆ ತರುತ್ತೇವೆ, ಅಕಾಡೆಮಿಯನ್ನು ಕಟ್ಟಿ ನಡೆಸುವ ಕೆಲಸಕ್ಕೆ ಮೆಟ್ರಿಕ್ಸ್ ಎಂಬ ಖಾಸಗಿ ಕೂಟವನ್ನು ಆರಿಸಿದ್ದೇವೆ ಎಂದು. 2010ರ ಅಕ್ಟೋಬರ್ 19ರಂದು ಆ ಹೊತ್ತಿನ ರಕ್ಷಣಾ ಮಂತ್ರಿ ಲಿಯಾಮ್ ಫಾಕ್ಸ್ ಅದನ್ನು ರದ್ದು ಮಾಡಿದರು. ನಡುವೆ 45 ತಿಂಗಳು.

ಈ 45 ತಿಂಗಳ ಬಗ್ಗೆ ಎರಡು ಕಥೆ ಓಡಾಡುತ್ತವೆ. ಜನ ಎದ್ದು ನಿಂತರು, ಅಕಾಡೆಮಿ ಬಿದ್ದುಹೋಯಿತು ಎನ್ನುವುದು ಒಂದು. ಸರ್ಕಾರ ಬದಲಾಯಿತು, ಬೊಕ್ಕಸ ಬರಿದಾಗಿತ್ತು, ವಿರೋಧಿಗಳದ್ದು ಅದರಲ್ಲಿ ಏನೂ ಇಲ್ಲ ಎನ್ನುವುದು ಇನ್ನೊಂದು. ಎರಡೂ ಅರ್ಧ ಬೆಂದ ಅನ್ನ. ಅಕಾಡೆಮಿ ಸತ್ತದ್ದು ಲೆಕ್ಕದಿಂದ. ಆದರೆ ಆ ಲೆಕ್ಕವನ್ನು ಮೊದಲ ದಿನದಿಂದ ಕೇಳುತ್ತಿದ್ದವರು ವಿರೋಧಿಗಳಲ್ಲಿ ಒಂದು ಗುಂಪು ಮಾತ್ರ. ಉಳಿದವರು ಬೇರೆ ಏನನ್ನೋ ಕೇಳುತ್ತಿದ್ದರು.

ಮೊದಲು, ಅಲ್ಲಿ ಏನನ್ನು ಕಲಿಸುವುದಿತ್ತು? ಖಾಸಗಿ ಸೈನಿಕ ಅಕಾಡೆಮಿ ಎಂದರೆ ಬಾಡಿಗೆ ಬಂಟರು ಗುಂಡು ಹಾರಿಸುವ ಮೈದಾನ ಕಣ್ಣ ಮುಂದೆ ಬರುತ್ತದೆ. ಇದು ಅದಲ್ಲ. ಬ್ರಿಟಿಷ್ ಪಡೆಗಳಲ್ಲಿ ಮೊದಲ ಹಂತ ಕವಾಯತು, ಬಂದೂಕು, ಶಿಸ್ತು. ಎರಡನೆಯ ಹಂತ ಕಸುಬು: ವಿಮಾನದ ಎಂಜಿನ್ ಬಿಚ್ಚುವುದು, ರೇಡಿಯೊ ಜೋಡಿಸುವುದು, ಟ್ಯಾಂಕಿನ ವಿದ್ಯುತ್ ವ್ಯವಸ್ಥೆ. ಮೂರನೆಯದು ಅದೇ ಕಸುಬಿನ ಮೇಲ್ದರ್ಜೆ. ಸೇಂಟ್ ಅಥನ್‌ಗೆ ಬರಬೇಕಿದ್ದುದು ಎರಡು ಮತ್ತು ಮೂರು. ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ವಿರೋಧಿಗಳು ಕರಪತ್ರದಲ್ಲಿ 'ಕೊಲ್ಲುವುದನ್ನು ಕಲಿಸುವ ಶಾಲೆ' ಎಂದು ಬರೆದರೆ ಎದುರಿನವರು 'ಸ್ವಾಮೀ, ಸ್ಪ್ಯಾನರ್ ಹಿಡಿಯಲು ಕಲಿಸುತ್ತೇವೆ' ಎಂದು ನಕ್ಕುಬಿಡುತ್ತಾರೆ. ಒಂದು ತಪ್ಪು ಪದಕ್ಕೆ ಇಡೀ ಕರಪತ್ರ ಕಸದ ಬುಟ್ಟಿಗೆ.

ಇನ್ನು ಬಿಲ್ಲು. ಮೆಟ್ರಿಕ್ಸ್ ಎಂದರೆ ಕೈನೆಟಿಕ್ ಎಂಬ ರಕ್ಷಣಾ ತಂತ್ರಜ್ಞಾನ ಕಂಪನಿ, ಜೊತೆಗೆ ಲ್ಯಾಂಡ್ ಸೆಕ್ಯುರಿಟೀಸ್ ಟ್ರಿಲಿಯಂ ಎಂಬ ಕಟ್ಟಡ-ಜಮೀನಿನ ಕಂಪನಿ. ಇವರ ಕೈಕೆಳಗೆ ಕ್ಷಿಪಣಿ ಮಾಡುವ ರೇಥಿಯಾನ್‌ನಿಂದ ಹಿಡಿದು ಓಪನ್ ಯೂನಿವರ್ಸಿಟಿಯವರೆಗೆ ಉಪಗುತ್ತಿಗೆದಾರರ ದಂಡು. ಒಪ್ಪಂದದ ಮಾದರಿ ಪಿ.ಎಫ್.ಐ., ಎಂದರೆ ಸರ್ಕಾರದ ಕೆಲಸಕ್ಕೆ ಖಾಸಗಿಯವರ ಬಂಡವಾಳ. ಅದು ಆಗ ನಡೆಯುತ್ತಿದ್ದ ಕ್ರಮ ಹೀಗೆ. ಪಾಲುದಾರರು ಈ ಒಂದು ಕೆಲಸಕ್ಕೆಂದೇ ಹೊಸ ಕಂಪನಿ ಹುಟ್ಟುಹಾಕುತ್ತಾರೆ. ಅದು ನೂರಕ್ಕೆ ಸುಮಾರು 90 ಪಾಲು ಸಾಲ ಎತ್ತುತ್ತದೆ, ತನ್ನ ಕೈಯಿಂದ ಹಾಕುವುದು 10ರ ಆಸುಪಾಸು. ಆ ದುಡ್ಡಿನಲ್ಲಿ ಕಟ್ಟುತ್ತದೆ. ಕಟ್ಟಡ ಎದ್ದ ಮೇಲೆ ಸರ್ಕಾರ 25-30 ವರ್ಷ ಒಂದೇ ಗಂಟಿನ ಶುಲ್ಕ ಕೊಡುತ್ತಾ ಹೋಗುತ್ತದೆ. ಸಾಲದ ಕಂತು, ಬಡ್ಡಿ, ಲಾಭ, ಸುಣ್ಣಬಣ್ಣ, ಊಟ, ಪಾಠ ಎಲ್ಲ ಆ ಗಂಟಿನಲ್ಲೇ. ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ.

ಎಲ್ಲಿ ಕೆಡುತ್ತದೆ? ಬಡ್ಡಿಯಲ್ಲಿ. ಪಿ.ಎಫ್.ಐ. ಬಂಡವಾಳಕ್ಕೆ ಶೇಕಡಾ 8ಕ್ಕೂ ಮೇಲೆ ಬೀಳುತ್ತದೆ, ಸರ್ಕಾರವೇ ಸಾಲ ಎತ್ತಿದ್ದರೆ ಸುಮಾರು 4 ಎಂದು 2011ರಲ್ಲಿ ಅಲ್ಲಿನ ಸಂಸತ್ತಿನ ಖಜಾನೆ ಸಮಿತಿಯೇ ಹೇಳಿತು. ಎರಡರಷ್ಟು ತಾನೇ ಎನ್ನಬೇಡಿ. 100 ಪೌಂಡ್ ಸಾಲವನ್ನು ವರ್ಷಕ್ಕೊಂದರಂತೆ 30 ಸಮಾನ ಕಂತಿನಲ್ಲಿ ತೀರಿಸಿ ನೋಡಿ. 4ರ ಬಡ್ಡಿಯಲ್ಲಿ ಒಟ್ಟು ಕೊಡುವುದು ಸುಮಾರು 173 ಪೌಂಡ್, 8ರಲ್ಲಿ 266. ಮಧ್ಯದ 93 ಪೌಂಡಿನ ಬಿಲ್ಲು ಯಾರ ಹೆಸರಿಗೆ? ಸೇಂಟ್ ಅಥನ್‌ಗೆ ಪತ್ರಿಕೆಗಳಲ್ಲಿ ಮೆರೆದ ಅಂಕಿ 1,400 ಕೋಟಿ ಪೌಂಡ್, 30 ವರ್ಷಕ್ಕೆ. ದಿನಕ್ಕೆ ಭಾಗಿಸಿದರೆ 12 ಲಕ್ಷ 80 ಸಾವಿರದ ಹತ್ತಿರ. ತರಗತಿಯಲ್ಲಿ ಹುಡುಗರಿರಲಿ ಇಲ್ಲದಿರಲಿ, ಕಂತು ನಿಲ್ಲುವುದಿಲ್ಲ. ಮೂವತ್ತು ವರ್ಷದ ಆಚೆಗೆ ಸೈನ್ಯ ಎಷ್ಟು ದೊಡ್ಡದಿರುತ್ತದೆ, ಯಾವ ವಿಮಾನ ಹಾರಿಸುತ್ತಿರುತ್ತದೆ ಎಂದು ಹೇಳಬಲ್ಲವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ನನ್ನ ಬದಲು ಅವರೇ ಮಾತಾಡಲಿ.

ಸಾಲದ್ದಕ್ಕೆ, ಯೋಜನೆಯ ಒಂದು ಕಾಲು ಜಮೀನಿನ ಮೇಲೆ ನಿಂತಿತ್ತು. ಬೇರೆಡೆಯ ಹಳೆಯ ತರಬೇತಿ ನೆಲೆಗಳನ್ನು ಮುಚ್ಚಿ, ಆ ನೆಲ ಮಾರಿ, ಬಂದ ಹಣ ಇಲ್ಲಿಗೆ ಸುರಿಯುವುದು. 2008ರಲ್ಲಿ ಜಮೀನಿನ ಬೆಲೆ ನೆಲಕಚ್ಚಿತು. ಜಮೀನಿನ ಪಾಲುದಾರ ಮೆಲ್ಲಗೆ ಜಾಗ ಖಾಲಿ ಮಾಡಿದ, ಊಟ-ಉಪಚಾರದ ಸೊಡೆಕ್ಸೊ ಆ ಜಾಗಕ್ಕೆ ಬಂತು. ಮನೆ ಕಟ್ಟಿಸಲು ಹೊರಟವನಿಗೆ ಮೇಸ್ತ್ರಿ ಓಡಿಹೋಗಿ ಅಡುಗೆಯವನು ಸಿಕ್ಕಿದ ಹಾಗೆ!

ವಿರೋಧಿಸಿದವರು ಯಾರು? ಇಲ್ಲಿ ಪ್ರಾಮಾಣಿಕವಾಗಿರಬೇಕು. ಹಳ್ಳಿಗೆ ಹಳ್ಳಿಯೇ ಬೀದಿಗಿಳಿಯಿತು ಎಂದು ನಾನು ಹೇಳುವುದಿಲ್ಲ. ಎಪ್ಪತ್ತು ವರ್ಷ ವಾಯುನೆಲೆಯ ಸಂಬಳದಲ್ಲಿ ಬದುಕಿದ ಊರು ಅದು, ಕೆಲಸ ಬರಲಿ ಎನ್ನುವವರು ಬಹಳ ಮಂದಿ. ಕಾರ್ಡಿಫ್‌ನಲ್ಲಿ ಕೂತ ವೇಲ್ಸ್ ಸರ್ಕಾರವೂ ಯೋಜನೆಯ ಪರ. ಎದುರು ನಿಂತವರು ಶಾಂತಿವಾದಿಗಳು, ವೆಲ್ಷ್ ರಾಷ್ಟ್ರೀಯತೆಯ ಪಕ್ಷ ಪ್ಲೈಡ್ ಕಮ್ರಿಯೊಳಗಿನ ಕೆಲವರು, ಹೊಸ ರಸ್ತೆಗೆ ನೆಲ ಹೋಗುತ್ತದೆಂಬ ಆತಂಕದವರು, ಮತ್ತೆ ಪಿ.ಸಿ.ಎಸ್. ಎಂಬ ಸರ್ಕಾರಿ ನೌಕರರ ಸಂಘ. ಮೊದಲ ದಿನದಿಂದ ಬಿಲ್ಲು ಕೇಳಿದ ಗುಂಪು ಎಂದೆನಲ್ಲ, ಅದು ಈ ಸಂಘ.

ಊರಿನವರ ಅನುಮಾನಕ್ಕೆ ಇನ್ನೊಂದು ಕಾರಣ ಕಣ್ಣೆದುರೇ ನಿಂತಿತ್ತು. ಅದೇ ನೆಲೆಯಲ್ಲಿ 'ರೆಡ್ ಡ್ರ್ಯಾಗನ್' ಹೆಸರಿನಲ್ಲಿ ಒಮ್ಮೆಗೆ 47 ಯುದ್ಧವಿಮಾನ ರಿಪೇರಿ ಮಾಡಬಲ್ಲ ದೈತ್ಯ ಹ್ಯಾಂಗರ್ ಕಟ್ಟಿದ್ದರು. ಯೋಜನೆಯ ಖರ್ಚು 11 ಕೋಟಿ 30 ಲಕ್ಷ ಪೌಂಡ್. ಅದು ಮುಗಿಯುತ್ತ ಬರುವ ಹೊತ್ತಿಗೆ ಅದೇ ರಕ್ಷಣಾ ಸಚಿವಾಲಯ ಹ್ಯಾರಿಯರ್‌ಗಳ ಕೆಲಸವನ್ನು ಕಾಟೆಸ್‌ಮೋರ್‌ನಲ್ಲೂ ಟೊರ್ನೇಡೊಗಳದ್ದನ್ನು ಮಾರ್ಹಮ್‌ನಲ್ಲೂ ಮಾಡಿಸುವುದೆಂದು ತೀರ್ಮಾನಿಸಿತು. ಕೊಟ್ಟಿಗೆ ಕಟ್ಟಿದವರು ಇವರೇ, ಹಸು ಬೇರೆ ಊರಿಗೆ ಅಟ್ಟಿದವರೂ ಇವರೇ.

ಈಗ ನನ್ನ ಹಂಸಗಳ ಕಥೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದರೂ ಇದನ್ನು ಬಿಟ್ಟು ವೇಲ್ಸ್‌ನ ಯಾವ ಸೈನಿಕ ಶಾಲೆಯ ಮಾತೂ ಪೂರ್ತಿಯಾಗುವುದಿಲ್ಲ. 1930ರ ದಶಕದಲ್ಲಿ ವಾಯುಪಡೆಗೆ ಬಾಂಬ್ ಹಾಕುವುದನ್ನು ಕಲಿಸುವ ಶಾಲೆಗೆ ಜಾಗ ಬೇಕಾಯಿತು. ಇಂಗ್ಲೆಂಡಿನಲ್ಲೇ ಹುಡುಕಿದರು. ಡಾರ್ಸೆಟ್‌ನ ಆಬಟ್ಸ್‌ಬರಿ ನೋಡಿದರು. ಅಲ್ಲಿ ಹಂಸಗಳಿವೆ, ಸನ್ಯಾಸಿಗಳ ಕಾಲದಿಂದ ಸಾಕಿಕೊಂಡು ಬಂದ ಹಂಸಗಳು, ಸದ್ದಿಗೆ ಗೂಡು ಬಿಟ್ಟಾವು ಎಂದು ಆಕ್ಷೇಪ ಬಂತು. ಸರಿ, ಬೇಡ ಎಂದರು. ಉತ್ತರದಲ್ಲಿ ಹೋಲಿ ಐಲೆಂಡ್ ನೋಡಿದರು. ಅಲ್ಲಿ ಬಾತುಕೋಳಿಗಳು. ಅದೂ ಬೇಡ. ಕೊನೆಗೆ ವೇಲ್ಸ್‌ನ ಲೀನ್ ಪರ್ಯಾಯದ್ವೀಪ, ಪೆನಿಬರ್ತ್ ಎಂಬ ಹಳೆಯ ತೋಟದ ಮನೆ. ಅಲ್ಲಿದ್ದದ್ದು ವೆಲ್ಷ್ ಭಾಷೆ, ಪ್ರಾರ್ಥನಾಮಂದಿರಗಳು, ಮನುಷ್ಯರು. ಸುಮಾರು ಐದು ಲಕ್ಷ ಜನರ ಪರವಾಗಿ ಪ್ರತಿಭಟನೆ ಸಲ್ಲಿಕೆಯಾಯಿತು. ಪ್ರಧಾನಿ ಬಾಲ್ಡ್‌ವಿನ್ ನಿಯೋಗವನ್ನು ಭೇಟಿಯಾಗಲೂ ಒಪ್ಪಲಿಲ್ಲ. ಹಂಸಕ್ಕೆ ಸಿಕ್ಕಿದ್ದು ಮನುಷ್ಯನಿಗೆ ಸಿಗಲಿಲ್ಲ.

1936ರ ಸೆಪ್ಟೆಂಬರ್ 8ರ ಬೆಳಗಿನ ಜಾವ ಮೂವರು ಅಲ್ಲಿನ ಶೆಡ್ಡು-ಮರಮಟ್ಟಿಗೆ ಬೆಂಕಿ ಹಚ್ಚಿದರು: ಸಾಂಡರ್ಸ್ ಲೂಯಿಸ್ ಕಾಲೇಜಿನ ಅಧ್ಯಾಪಕ, ಲೂಯಿಸ್ ವ್ಯಾಲೆಂಟೈನ್ ಪಾದ್ರಿ, ಡಿ.ಜೆ. ವಿಲಿಯಮ್ಸ್ ಶಾಲಾ ಮೇಷ್ಟ್ರು. ಹಚ್ಚಿ ಓಡಿಹೋಗಲಿಲ್ಲ. ನೆಟ್ಟಗೆ ಪುಲ್‌ಹೆಲಿ ಠಾಣೆಗೆ ಹೋಗಿ ನಾವೇ ಮಾಡಿದ್ದು ಎಂದರು. ಕಾರ್ನಾರ್ವನ್‌ನ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೊಕದ್ದಮೆಯನ್ನು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಎತ್ತಿಕೊಂಡು ಹೋದರು, ತಲಾ ಒಂಬತ್ತು ತಿಂಗಳ ಜೈಲಾಯಿತು. ಲೂಯಿಸ್ ಕೆಲಸ ಕಳೆದುಕೊಂಡರು. ವೆಲ್ಷ್ ರಾಷ್ಟ್ರೀಯತೆಗೆ ಅದು ಇವತ್ತಿಗೂ ದೀಪ, ಒಪ್ಪುತ್ತೇನೆ. ಆದರೆ ಬಾಂಬ್ ಶಾಲೆ? ಮರುವರ್ಷವೇ ತೆರೆಯಿತು.

ನಾನು ಕೇಳುವುದು ಇಷ್ಟೇ, ಹಂಸ ಗೆದ್ದದ್ದು ಹೇಗೆ? ಅದು ಸಹಿ ಸಂಗ್ರಹಿಸಲಿಲ್ಲ, ಭಾಷಣವನ್ನಂತೂ ಮಾಡಲಿಲ್ಲ. ಅದಕ್ಕೊಂದು ಗೂಡಿತ್ತು, ಮೊಟ್ಟೆ ಇಡುವ ತಿಂಗಳಿತ್ತು. ಕಾಗದದ ಮೇಲೆ ಬರೆಯಬಹುದಾದ, ಅಳೆಯಬಹುದಾದ ಹಾನಿ ಇತ್ತು. ಹಂಸಗಳ ಪರ ಮಾತಾಡಿದವರು ದೊಡ್ಡ ಮನೆಗಳವರು ಎನ್ನುವುದೂ ನಿಜ, ಅದನ್ನು ಮರೆಯುವಷ್ಟು ಮುಗ್ಧ ನಾನಲ್ಲ.

ಈಗ ಕಾಲ ಬದಲಾಗಿದೆ, ಕ್ರಮ ಇದೆ. ಮೊದಲು ಬ್ರಿಟನ್ನಿನಲ್ಲಿ ರಾಜಮುಕುಟದ ಆಸ್ತಿಗೆ, ಎಂದರೆ ಸರ್ಕಾರದ, ಸೈನ್ಯದ ಜಾಗಕ್ಕೆ, ಯೋಜನಾ ಅನುಮತಿ ಕೇಳುವ ಹಂಗಿರಲಿಲ್ಲ. 2006ರಲ್ಲಿ ಆ ವಿನಾಯಿತಿ ಹೋಯಿತು. ಹಾಗಾಗಿ ಸೇಂಟ್ ಅಥನ್‌ನ ಅರ್ಜಿ ಸ್ಥಳೀಯ ಕೌನ್ಸಿಲ್ ಮುಂದೆ ಬರಲೇಬೇಕಾಯಿತು. ಅಲ್ಲಿ ಯಾವ ಆಕ್ಷೇಪಕ್ಕೆ ಬೆಲೆ? ಸಂಚಾರ, ಸದ್ದು, ಬೆಳಕು, ಚರಂಡಿ, ಜೀವಜಾಲ, ಮನೆಗಳ ಕೊರತೆ. ಯಾವುದಕ್ಕೆ ಇಲ್ಲ? ಯುದ್ಧ ಪಾಪ ಎನ್ನುವುದಕ್ಕೆ, ಕಂಪನಿ ಕೆಟ್ಟದ್ದು ಎನ್ನುವುದಕ್ಕೆ, ನಮ್ಮ ಮನೆಯ ಬೆಲೆ ಇಳಿಯುತ್ತದೆ ಎನ್ನುವುದಕ್ಕೆ. ಒಂದೇ ಒಕ್ಕಣೆಯ 500 ಕಾರ್ಡು ಕಳಿಸಿದರೆ ಅಧಿಕಾರಿಯ ವರದಿಯಲ್ಲಿ ಒಂದು ಸಾಲು. ಬೇರೆ ಬೇರೆ ವಿಷಯದ ಐದು ಪತ್ರ ಹೋದರೆ ಐದು ಉತ್ತರ ಬರೆಯಬೇಕು.

ರಸ್ತೆಗೆ ಕಡ್ಡಾಯವಾಗಿ ನೆಲ ತೆಗೆದುಕೊಳ್ಳುವಾಗಲಂತೂ ಇನ್ನೂ ಒಳ್ಳೆಯ ಹಿಡಿಕೆ ಇದೆ. ಸಾರ್ವಜನಿಕ ಹಿತ ಬಲವಾಗಿದೆಯೆಂದು ತೋರಿಸಿದರೆ ಸಾಲದು, ಯೋಜನೆಗೆ ಹಣ ಒದಗುತ್ತದೆ ಎಂದೂ ತೋರಿಸಬೇಕು. ಅಕಾಡೆಮಿಯ ಅಂತಿಮ ಒಪ್ಪಂದಕ್ಕೆ ಕೊನೆಯವರೆಗೂ ಸಹಿಯೇ ಬೀಳಲಿಲ್ಲ. ಸಹಿಯಾಗದ ಒಪ್ಪಂದಕ್ಕೆ ಒಬ್ಬರ ಹೊಲ ಏಕೆ ಹೋಗಬೇಕು? ನೋಡಿ, ಮತ್ತೆ ಬಿಲ್ಲಿಗೇ ಬಂದೆವು.

ಉದ್ಯೋಗದ ಅಂಕಿಯನ್ನು ಬಿಚ್ಚುವುದು ಹೇಗೆ ಎಂದು ವಿವರವಾಗಿ ಹೇಳಬೇಕೆಂದಿದ್ದೆ. ಘೋಷಣೆಯ ದಿನ 5,500 ಕೆಲಸ ಎಂದರು. ಮೂರು ರಾಶಿ ಮಾಡಿ: ಬೇರೆಡೆಯಿಂದ ವರ್ಗವಾಗಿ ಬರುವವರು, ಕಟ್ಟುವಾಗ ಮಾತ್ರ ಇರುವವರು, ನಿಜಕ್ಕೂ ಹೊಸದಾಗಿ ಸೇರುವವರು. 1,500 ಜನ ಎರಡು ವರ್ಷ ಕಟ್ಟಡದ ಕೆಲಸ ಮಾಡಿದರೆ 3,000 ಆಳು-ವರ್ಷ. 30 ವರ್ಷದ ಒಪ್ಪಂದಕ್ಕೆ ಹರಡಿದರೆ 100 ಕೆಲಸ. ಇಷ್ಟೇ ಸಾಕು, ಚೀಟಿ ಬಂದಿದೆ.

ಪೊಟ್ರೆರೊ ಒಂದನ್ನು ಹೇಳಿ ನಿಲ್ಲಿಸುತ್ತೇನೆ. ಇದು ನಿಜಕ್ಕೂ ಗುಂಡಿನ ಮೈದಾನ. ಕ್ಯಾಲಿಫೋರ್ನಿಯಾದ ಸಾನ್ ಡಿಯೇಗೊ ಕೌಂಟಿಯಲ್ಲಿ, ಸಾವಿರ ಜನವೂ ಇಲ್ಲದ ಊರು. ಬ್ಲ್ಯಾಕ್‌ವಾಟರ್ ಎಂಬ ಖಾಸಗಿ ಸೈನಿಕ ಕಂಪನಿ 824 ಎಕರೆಯಲ್ಲಿ ತರಬೇತಿ ಕೇಂದ್ರಕ್ಕೆ ಅರ್ಜಿ ಹಾಕಿತು. 2006ರ ಡಿಸೆಂಬರ್‌ನಲ್ಲಿ ಊರಿನ ಯೋಜನಾ ಸಮಿತಿ ಒಪ್ಪಿಯೂ ಬಿಟ್ಟಿತು. ಮರುವರ್ಷದ ಡಿಸೆಂಬರ್‌ನಲ್ಲಿ ಊರಿನವರು ಮತ ಹಾಕಿ ಐವರು ಸದಸ್ಯರನ್ನು ಮನೆಗೆ ಕಳಿಸಿದರು. ನಡುವೆ ಅಕ್ಟೋಬರ್‌ನಲ್ಲಿ ಹ್ಯಾರಿಸ್ ಕಾಡ್ಗಿಚ್ಚು ಅದೇ ಊರಿನಲ್ಲಿ ಹೊತ್ತಿತ್ತು. ಬೆಂಕಿ ಬಂದರೆ ಕಿರಿದಾದ ದಾರಿಯಲ್ಲಿ ತಪ್ಪಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಆಮೇಲೆ ವಿವರಣೆ ಬೇಕಾಗಲಿಲ್ಲ. 2008ರ ಮಾರ್ಚ್‌ನಲ್ಲಿ ಕಂಪನಿ ಹಿಂದೆ ಸರಿಯಿತು, ಕೊಟ್ಟ ಕಾರಣ ಸದ್ದಿನ ಪರೀಕ್ಷೆ.

ಸದ್ದಿನ ವಿಷಯದಲ್ಲಿ ಒಂದು ಕೈಚಳಕ ಗೊತ್ತಿರಲಿ. ಮನೆಯಂಗಳದಲ್ಲಿ ಒಂದು ಗುಂಡಿನ ಸದ್ದು 80 ಡೆಸಿಬೆಲ್, ಸೆಕೆಂಡಿನ ಎಂಟನೆಯ ಒಂದು ಪಾಲು ಇರುತ್ತದೆ ಅನ್ನಿ. ಗಂಟೆಗೆ 100 ಗುಂಡು. ಗಂಟೆಯ ಸರಾಸರಿ ತೆಗೆದರೆ ಸುಮಾರು 55 ಡೆಸಿಬೆಲ್ ಎಂದು ಬರುತ್ತದೆ, ಇಬ್ಬರು ಮಾತಾಡಿಕೊಂಡಷ್ಟು! ತೊಟ್ಟಿಲಲ್ಲಿನ ಮಗು ಸರಾಸರಿಗೆ ಬೆಚ್ಚುವುದಿಲ್ಲ, ಗುಂಡಿಗೆ ಬೆಚ್ಚುತ್ತದೆ. ಸರಾಸರಿಯ ಜೊತೆಗೆ ಅತಿ ಎತ್ತರದ ಅಂಕಿಯನ್ನೂ ಕೇಳಿ, ಅಳತೆ ಎಲ್ಲಿ ನಿಂತು ಮಾಡಿದ್ದು, ಗಾಳಿ ಯಾವ ಕಡೆಗಿತ್ತು ಎಂದೂ ಕೇಳಿ.

ಪೊಟ್ರೆರೊದಲ್ಲಿ ಹಬ್ಬ ಮುಗಿಯುವ ಮೊದಲೇ ಅದೇ ಕಂಪನಿ ಅದೇ ವರ್ಷ ಮೆಕ್ಸಿಕೊ ಗಡಿಯ ಹತ್ತಿರ ಓಟೈ ಮೇಸಾದಲ್ಲಿ ಒಂದು ಗೋದಾಮಿನೊಳಗೆ ನೌಕಾಪಡೆಯವರಿಗೆ ತರಬೇತಿ ಕೇಂದ್ರ ತೆರೆಯಿತು. ಸಾನ್ ಡಿಯೇಗೊ ನಗರ ತಡೆಯಲು ನೋಡಿತು, ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಕಂಪನಿಯ ಪರ ಆದೇಶ ಕೊಟ್ಟರು. ಆ ಕಟ್ಟಡ ಮೊದಲೇ ಅಲ್ಲಿತ್ತು. ಅಗೆಯಲು ಗುಡ್ಡವಿರಲಿಲ್ಲ, ನೆರೆಯಲ್ಲಿ ಮನೆಗಳ ಸಾಲೂ ಇರಲಿಲ್ಲ. ಇಂಥಲ್ಲಿ ಏನು ಮಾಡಬಹುದಿತ್ತು ಎನ್ನುವುದಕ್ಕೆ ಎರಡು ಪುಟ ಟಿಪ್ಪಣಿ ತಂದಿದ್ದೆ. ಅಧ್ಯಕ್ಷರು ಎದ್ದೇ ನಿಂತರು.