ರಂಗೋಲಿ ಕೆಳಗೆ ತೂರಿದವರು

ಕೇಳುಗರೇ, ನಮಸ್ಕಾರ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಮಾತು ನಿಮಗೆ ಗೊತ್ತೇ ಇದೆ. ಆಟಕ್ಕೆ ಕೂತಾಗ ಇಂಥವರು ಒಬ್ಬರಾದರೂ ಸಿಗುತ್ತಾರೆ. ಯಾರೂ ಯೋಚಿಸದ ಒಂದು ನಡೆ ನಡೆಸುತ್ತಾರೆ. ಕೇಳಿದರೆ, "ಹೀಗೆ ಆಡಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ" ಅನ್ನುತ್ತಾರೆ. ಹುಡುಕಿದರೆ ನಿಜಕ್ಕೂ ಎಲ್ಲೂ ಬರೆದಿರುವುದಿಲ್ಲ. ಅಲ್ಲಿಂದ ಜಗಳ ಶುರು.

1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಆದದ್ದೂ ಇದೇ. ಪಂದ್ಯ ಸಮ ಮಾಡಿಕೊಳ್ಳಲು ನ್ಯೂಜಿಲೆಂಡಿಗೆ ಕೊನೆಯ ಚೆಂಡಿಗೆ ಸಿಕ್ಸರ್ ಬೇಕಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ಬೌಲಿಂಗ್ ಮಾಡುತ್ತಿದ್ದ ತಮ್ಮ ಟ್ರೆವರ್‌ಗೆ, ಚೆಂಡನ್ನು ನೆಲದ ಮೇಲೆ ಉರುಳಿಸು ಅಂದರು. ಉರುಳಿ ಬಂದ ಚೆಂಡಿಗೆ ಸಿಕ್ಸರ್ ಹೊಡೆಯುವುದು ಹೇಗೆ? ಬ್ರಯಾನ್ ಮೆಕೆಕ್ನಿ ಅದನ್ನು ತಡೆದು, ಬ್ಯಾಟನ್ನೇ ಬಿಸಾಡಿದರು. ಪ್ರಪಂಚವೆಲ್ಲ ಬೈಯಿತು. ಆದರೆ ಆ ಸರಣಿಯ ನಿಯಮದಲ್ಲಿ ಅದಕ್ಕೆ ತಡೆ ಇರಲಿಲ್ಲ. ಫಲಿತಾಂಶ ಹಾಗೇ ಉಳಿಯಿತು, ಆಮೇಲೆ ನಿಯಮ ಬದಲಾಯಿತು. ನನಗೆ ಇದೇ ಸರಿ ಅನ್ನಿಸುತ್ತದೆ. ಬೈಯುವುದು ಬೇರೆ, ಗೆಲುವನ್ನು ಕಿತ್ತುಕೊಳ್ಳುವುದು ಬೇರೆ.

ಎರಡು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಇದಕ್ಕೆ ಉಲ್ಟಾ ತೀರ್ಮಾನ ಆಗಿತ್ತು. 1979ರ ಮೇ ತಿಂಗಳು. ಸೋತರೂ ಮುಂದಿನ ಸುತ್ತಿಗೆ ಹೋಗಬೇಕಾದರೆ ಸೋಮರ್‌ಸೆಟ್ ಕ್ರಿಕೆಟ್ ತಂಡಕ್ಕೆ, ಎಷ್ಟು ಚೆಂಡಿಗೆ ಒಂದು ವಿಕೆಟ್ ಬೀಳಿಸಿದರು ಅನ್ನುವ ಸರಾಸರಿ ಕೆಡದಂತೆ ಇರಬೇಕಿತ್ತು. ಬೌಲಿಂಗ್ ಮಾಡುವ ಚೆಂಡು ಕಡಿಮೆಯಾದಷ್ಟೂ ಅದು ಕೆಡುವುದು ಕಡಿಮೆ. ನಾಯಕ ಬ್ರಯಾನ್ ರೋಸ್ ಒಂದೇ ಓವರ್ ಆಡಿ, 1 ರನ್ನಿಗೆ ಡಿಕ್ಲೇರ್ ಮಾಡಿಬಿಟ್ಟರು, ಅಂದರೆ ನಮ್ಮ ಬ್ಯಾಟಿಂಗ್ ಇಲ್ಲಿಗೆ ಸಾಕು ಅಂದುಬಿಟ್ಟರು. ವೂಸ್ಟರ್‌ಶೈರ್ 10 ಚೆಂಡಿನಲ್ಲಿ ಗೆದ್ದಿತು. ದುಡ್ಡು ಕೊಟ್ಟು ಬಂದವರಿಗೆ ಎಷ್ಟು ಉರಿದಿರಬೇಕು, ಅಲ್ವಾ? ಡಿಕ್ಲೇರ್ ಮಾಡಬಾರದು ಅನ್ನುವ ನಿಯಮ ಇರಲಿಲ್ಲ. ಆದರೂ ತಂಡವನ್ನು ಟೂರ್ನಿಯಿಂದ ಹೊರಗೆ ಹಾಕಿದರು. ಸಿಟ್ಟು ನ್ಯಾಯವೇ. ಆದರೆ ಬರೆಯದೆ ಬಿಟ್ಟವರ ತಪ್ಪಿಗೆ ಆಡಿದವರಿಗೆ ಶಿಕ್ಷೆ ಆಯಿತು ಅಂತ ನನ್ನ ಲೆಕ್ಕ.

ಕೆಲವೊಮ್ಮೆ ನಿಯಮವೇ ಆಟಗಾರರನ್ನು ಹುಚ್ಚಾಟಕ್ಕೆ ತಳ್ಳುತ್ತದೆ. 1994ರ ಕೆರಿಬಿಯನ್ ಕಪ್ ಫುಟ್‌ಬಾಲಿನಲ್ಲಿ, ಪಂದ್ಯ ಸಮ ಆದಾಗ ಆಡುವ ಹೆಚ್ಚುವರಿ ಸಮಯದಲ್ಲಿ ಬಿದ್ದ ಗೋಲಿಗೆ ಎರಡು ಗೋಲಿನ ಬೆಲೆ ಇತ್ತು. ಬಾರ್ಬಡೋಸ್ ಎರಡು ಗೋಲಿನ ಅಂತರದಲ್ಲಿ ಗೆಲ್ಲಬೇಕಿತ್ತು. 2-1ರಲ್ಲಿ ಮುಂದಿದ್ದವರು, ಆಟ ಮುಗಿಯುತ್ತಾ ಬಂದಾಗ ಬೇಕೆಂದೇ ತಮ್ಮ ಬಲೆಗೇ ಚೆಂಡು ಹೊಡೆದು 2-2 ಮಾಡಿಕೊಂಡರು. ಗ್ರೆನಡಾಗೆ ಒಂದು ಗೋಲಿನಿಂದ ಸೋತರೂ ಸಾಕಿತ್ತು, ಹಾಗಾಗಿ ಎರಡೂ ಕಡೆಯ ಬಲೆಗೆ ನುಗ್ಗಿತು. ಬಾರ್ಬಡೋಸ್ ಎರಡು ಕಡೆಯೂ ಕಾವಲು ಕಾಯಿತು! ಕೊನೆಗೆ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು 4-2ರಲ್ಲಿ ಗೆದ್ದಿತು.

ನಾವು ಆಡುವ ಆಟಕ್ಕೆ ಬರೋಣ. ಯಾರಾದರೂ ಇಂಥ ನಡೆ ನಡೆಸಿದರೆ, ಮೊದಲು ಅದು ನಿಜವಾಗಿ ನಿಯಮದಲ್ಲಿ ಬರೆಯದೆ ಬಿಟ್ಟ ಸಂದೋ ಅಥವಾ ಬರೆದ ನಿಯಮಕ್ಕೆ ಎರಡು ಅರ್ಥ ಬರುತ್ತಿದೆಯೋ ನೋಡಿ. ದಾಳ ಡಬ್ಬಿಗೆ ಒರಗಿ ಓರೆಯಾಗಿ ನಿಂತಿದೆ. ಲೆಕ್ಕಕ್ಕೆ ಉಂಟೋ ಇಲ್ಲವೋ? ಇದು ಅರ್ಥದ ಜಗಳ. ಅದೇ ಆಟದಲ್ಲಿ ಮೊದಲು ಹಾಗಾದಾಗ ಏನು ಮಾಡಿದ್ದಿರೋ ಅದನ್ನೇ ಮಾಡಿ. ನಿಜವಾದ ಸಂದಾದರೆ ಇವತ್ತಿನ ಆಟ ಬರೆದಿರುವ ಹಾಗೆ ಮುಗಿಯಲಿ, ಹೊಸ ನಿಯಮ ಮುಂದಿನ ಆಟಕ್ಕೆ. ಅದನ್ನು ಯಾರು ಕೇಳಬೇಕು ಅನ್ನುವುದೂ ಮುಖ್ಯ. ಸೋಲುತ್ತಿರುವವನು ಕೇಳಿದರೆ ಅಳುಬುರುಕ ಅನ್ನುತ್ತಾರೆ.

ಅದಕ್ಕೇ ನನಗೆ 1771ರ ಕಥೆ ಇಷ್ಟ. ಇಂಗ್ಲೆಂಡಿನಲ್ಲಿ ಚರ್ಟ್ಸಿ ತಂಡದ ಥಾಮಸ್ ವೈಟ್ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಅಗಲ ಇಷ್ಟೇ ಇರಬೇಕು ಅಂತ ಯಾರೂ ಬರೆದಿರಲಿಲ್ಲ. ಪಂದ್ಯ ನಡೆದೇ ನಡೆಯಿತು. ಎದುರಾಳಿ ಹ್ಯಾಂಬಲ್ಡನ್ ತಂಡ ಒಂದೇ ರನ್ನಿನಿಂದ ಗೆದ್ದಿತು. ಗೆದ್ದ ಮೇಲೂ ಅವರು ಸುಮ್ನೆ ಕೂರಲಿಲ್ಲ, ಬ್ಯಾಟಿಗೆ ಮಿತಿ ಬೇಕು ಅಂತ ಬರೆದು ಸಹಿ ಹಾಕಿದರು. ಅವತ್ತು ಅವರು ಕೇಳಿದ್ದು ನಾಲ್ಕೂಕಾಲು ಇಂಚು. ಬ್ಯಾಟಿನ ಅಗಲ ಇವತ್ತಿಗೂ ಅದನ್ನು ಮೀರುವ ಹಾಗಿಲ್ಲ.

ನಮಸ್ಕಾರ.