ಪಕಾರದ ಧಡ್ ಮತ್ತು ಉಸಿರಿಲ್ಲದ ಹಕಾರ

ಮೇಜಿನ ಮೇಲೆ ಕಾಣುತ್ತಿರುವುದೇ ಇಂದಿನ ಸಾಮಗ್ರಿ: ಒಂದು ಕೈಗನ್ನಡಿ, ಉದ್ದಕ್ಕೆ ಕತ್ತರಿಸಿದ ಕಾಗದದ ಪಟ್ಟಿ, ಧ್ವನಿಶಾಸ್ತ್ರದ ಎರಡು ಪದಕೋಶಗಳು. ಒಂದು ಇಂಗ್ಲಿಷಿನದು, ಇನ್ನೊಂದು ಫ್ರೆಂಚಿನದು. ಬಾಯಿಯೊಳಗೆ ನಡೆಯುವ ಕೆಲಸ ಒಂದೇ ಆದರೂ ಈ ಎರಡು ಪುಸ್ತಕಗಳು ಅದಕ್ಕೆ ಇಡುವ ಹೆಸರು ಬೇರೆ ಬೇರೆ. ಎಡಗಡೆ ಇದು, ಬಲಗಡೆ ಅದು ಎಂದು ಪಟ್ಟಿ ಬರೆದು ಉರು ಹೊಡೆದರೆ ಸಾಕು ಎನ್ನುವವರಿದ್ದಾರೆ. ಸಾಲದು. ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತ ಪದಗಳು ಬಾಯಿಯೊಳಗೆ ಬೇರೆ ಬೇರೆ ಜಾಗಕ್ಕೆ ಬೊಟ್ಟು ಮಾಡುತ್ತಿರುತ್ತವೆ.

ಮೊದಲು ಮೈಕಿನ ಗೋಳು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ವಿಡಿಯೊ ಪೂರ್ತಿ ಅದನ್ನೇ ಗೊಣಗುತ್ತಿರುತ್ತೇನೆ. ಈ ಶಾಟ್‌ನಲ್ಲಿ ನಾನು ಪಿನ್, ಪೆನ್, ಪೇಪರ್ ಎಂದು ಇಂಗ್ಲಿಷರ ಉಚ್ಚಾರಣೆಯಲ್ಲಿ ಓದುತ್ತಿದ್ದೇನೆ. ಪ್ರತಿ ಪಕಾರಕ್ಕೂ ಯಾರೋ ಬಾಗಿಲು ಬಡಿದ ಹಾಗೆ ಒಂದು ಧಡ್! ಮೈಕಿಗೆ ಸ್ಪಂಜಿನ ಟೋಪಿ ತೊಡಿಸಿದೆ. ಧಡ್ ಹೋಗಲಿಲ್ಲ. ಹಿಂದೆ ಸರಿದು ಕುಳಿತೆ. ಧಡ್ ಕಡಿಮೆಯಾಯಿತು, ಜೊತೆಗೆ ನನ್ನ ದನಿಯೂ ದೂರವಾಯಿತು. ಸ್ಪಂಜಿನ ಟೋಪಿ ಶುದ್ಧ ದಂಡ, ನಡುವೆ ತೆಳು ಬಟ್ಟೆಯ ಪರದೆ ನಿಲ್ಲಿಸುವುದೇ ಸರಿ ಎಂದು ತೀರ್ಮಾನಿಸಿದ್ದೆ. ಈಗ ಕೇಳಿದರೆ ಅದೂ ಬೇಡ ಎನ್ನುತ್ತೇನೆ. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಮುಗಿಯಿತು, ಗಾಳಿ ಅದರ ಪಕ್ಕದಿಂದ ಹಾದು ಹೋಗುತ್ತದೆ. ಟೋಪಿಗೆ ಕೊಟ್ಟ ದುಡ್ಡಿನ ಮಾತು ಎತ್ತಬೇಡಿ.

ಆದರೆ ಗಮನಿಸಿ, ಅದೇ ಮೈಕಿಗೆ, ಅಷ್ಟೇ ಹತ್ತಿರದಿಂದ, ಫ್ರೆಂಚಿನ 'ಪೇರ್', 'ಪಾರಿ' ಎಂದಾಗ ಅಂಥ ಹೊಡೆತವಿಲ್ಲ. ಕಾಗದದ ಪಟ್ಟಿ ನೋಡಿ, ತುಟಿಯೆದುರು ಹಿಡಿದಿದ್ದೇನೆ. ಇಂಗ್ಲಿಷಿನ 'ಪಿನ್' ಎಂದಾಗ ಹಾರುತ್ತದೆ. 'ಸ್ಪಿನ್' ಎಂದರೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ, ಏಕೆಂದರೆ ಸಕಾರದ ಹಿಂದೆ ಬಂದ ಪಕಾರಕ್ಕೆ ಇಂಗ್ಲಿಷರೂ ಉಸಿರು ಕೊಡುವುದಿಲ್ಲ. ಕನ್ನಡದ ಕಿವಿಗೆ ಇದನ್ನು ವಿವರಿಸುವುದು ಸುಲಭ. ಇಂಗ್ಲಿಷರ 'ಪಿನ್' ಮಹಾಪ್ರಾಣದ ಹತ್ತಿರದ್ದು, ಫ್ರೆಂಚರ ಪಕಾರ ನಮ್ಮ ಅಲ್ಪಪ್ರಾಣದಂಥದ್ದು. ಮಹಾಪ್ರಾಣ ಎಂದಾಗ 'ಫಲ' ಎಂಬಲ್ಲಿನ ಫಕಾರ, 'ಫ್ಯಾನ್' ಎಂಬಲ್ಲಿನದ್ದಲ್ಲ.

ಈ ಧಡ್ ಎನ್ನುವ ಸದ್ದಿಗೆ ಧ್ವನಿಮುದ್ರಣದವರು 'ಪ್ಲೋಸಿವ್' ಎನ್ನುತ್ತಾರೆ. ಅದು ಧ್ವನಿಶಾಸ್ತ್ರದ ಪದವೇ. ಪ, ತ, ಕ, ಬ, ದ, ಗ ಈ ಬಗೆಯವು. ಫ್ರೆಂಚ್ ಪದಕೋಶದಲ್ಲಿ ಅದರ ಎದುರು ಸಾಮಾನ್ಯವಾಗಿ ಕಾಣುವುದು 'ಒಕ್ಲುಜೀವ್'. ತುಟಿ ಮುಚ್ಚುತ್ತದೆ, ಒಳಗೆ ಗಾಳಿ ಒತ್ತಿಕೊಳ್ಳುತ್ತದೆ, ಆಮೇಲೆ ತುಟಿ ಬಿಡುತ್ತದೆ. ಇಂಗ್ಲಿಷ್ ಪದ ಬಿಡುವ ಗಳಿಗೆಯನ್ನು ಹಿಡಿದಿದೆ, ಫ್ರೆಂಚ್ ಪದ ಮುಚ್ಚುವ ಗಳಿಗೆಯನ್ನು. 'ಅಪ್ಪ' ಎಂದು ನಿಧಾನವಾಗಿ ಹೇಳಿ ನಡುವೆ ತಡೆದು ನಿಲ್ಲಿ. ಏನೂ ಕೇಳಿಸದ ಆ ಹೊತ್ತೇ ಒಕ್ಲುಜೀವ್ ಹೇಳುತ್ತಿರುವುದು. ಹಾಗಾದರೆ ಫ್ರೆಂಚರದ್ದೇ ಒಳ್ಳೆಯ ಹೆಸರು ಎನ್ನೋಣವೇ? ಎನ್ನುತ್ತಿದ್ದೆ. ಆದರೆ ಇಂಗ್ಲಿಷಿನಲ್ಲಿ 'ಸ್ಟಾಪ್' ಎಂಬ ಇನ್ನೊಂದು ಹೆಸರೂ ಇದೆ, ಅದು ಮುಚ್ಚುವುದನ್ನೇ ಹೇಳುತ್ತದೆ. ಎಡ ಬಲದ ಪದಪಟ್ಟಿ ಮುರಿಯುವುದು ಮಕಾರದಲ್ಲಿ. ಮ ಎನ್ನುವಾಗ ಬಾಯಿ ಪೂರ್ತಿ ಮುಚ್ಚಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತದೆ. ಫ್ರೆಂಚ್ ಪುಸ್ತಕಗಳು ಅದನ್ನು ಮೂಗಿನ ಒಕ್ಲುಜೀವ್ ಎಂದು ಕರೆಯಬಲ್ಲವು. ಇಂಗ್ಲಿಷಿನಲ್ಲಿ ಮಕಾರವನ್ನು ಪ್ಲೋಸಿವ್ ಎನ್ನುವಂತಿಲ್ಲ, ಅಲ್ಲಿ ಒತ್ತಡವೇ ಸೇರುವುದಿಲ್ಲ, ಸಿಡಿಯುವುದೇನು? ಎಡ ಬಲ ಉರು ಹೊಡೆದವರು ಜಾರುವ ಜಾಗ ಇದೇ.

ಶಾಟ್ ಮುಗಿಯುತ್ತಿದೆ, ಘೋಷ ಅಘೋಷಗಳನ್ನು ಓಡಿಸಿಬಿಡುತ್ತೇನೆ. ಘೋಷವಾದರೆ ಗಂಟಲ ಮೇಲೆ ಬೆರಳಿಟ್ಟಾಗ ಕಂಪನ ತಿಳಿಯುತ್ತದೆ, ಅದನ್ನು ನೀವು ನೋಡುತ್ತಲೇ ಇದ್ದೀರಿ. ಕಂಪನ ಇಲ್ಲದ ಅಘೋಷಕ್ಕೆ ಇಂಗ್ಲಿಷಿನಲ್ಲಿ 'ವಾಯ್ಸ್‌ಲೆಸ್', ಫ್ರೆಂಚಿನಲ್ಲಿ 'ಸೂರ್ದ್', ಅಂದರೆ ಕಿವುಡು. ಕಿವುಡು ಧ್ವನಿ! ನಗುವ ಮೊದಲು ಕೇಳಿ, ಹಳೆಯ ಇಂಗ್ಲಿಷ್ ಪುಸ್ತಕಗಳೂ ಅದನ್ನು 'ಸರ್ಡ್' ಎನ್ನುತ್ತಿದ್ದವು, ಅದೇ ಲ್ಯಾಟಿನ್ ಮೂಲದಿಂದ. ಗಣಿತದ ತರಗತಿಯಲ್ಲಿ ವರ್ಗಮೂಲಗಳ ಜೊತೆ ಕಾಡಿದ ಸರ್ಡ್ ಕೂಡ ಆ ಮನೆತನದ್ದೇ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಪದ. 'ಆಶ್ ಆಸ್ಪಿರೇ'. 'ಆಶ್' ಎಂದರೆ h ಅಕ್ಷರಕ್ಕೆ ಫ್ರೆಂಚರ ಹೆಸರು. ಹೆಸರು ಕೇಳಿದರೆ ಉಸಿರು ತುಂಬಿದ ಹಕಾರ ಎಂದಾಗಬೇಕು. ಅದರಲ್ಲಿ ಉಸಿರೂ ಇಲ್ಲ, ಹಕಾರವೂ ಇಲ್ಲ. ಇಂದಿನ ಫ್ರೆಂಚಿನಲ್ಲಿ ಅದನ್ನು ಪದದ ಮೊದಲಿಗೆ ಬರೆಯುತ್ತಾರೆ, ಉಚ್ಚರಿಸುವುದೇ ಇಲ್ಲ. ಇದರ ಜೊತೆಗಿರುವುದು 'ಆಶ್ ಮ್ಯುಎ', ಮೂಕ ಹಕಾರ. ಅದನ್ನೂ ಉಚ್ಚರಿಸುವುದಿಲ್ಲ. ಎರಡೂ ಮೂಕವೇ ಆಗಿರುವಾಗ ಒಂದಕ್ಕೆ ಮಾತ್ರ ಉಸಿರಿನ ಬಿರುದೇಕೆ? ವ್ಯತ್ಯಾಸ ತಿಳಿಯುವುದು ಅದರ ಹಿಂದಿನ ಪದದಲ್ಲಿ. ಮನುಷ್ಯ ಎಂಬರ್ಥದ 'ಓಮ್' ಮೂಕ ಹಕಾರದ್ದು, ಹಿಂದಿನ 'ಲ' (ಇಂಗ್ಲಿಷಿನ 'ದಿ' ಇದ್ದ ಹಾಗೆ) ತನ್ನ ಸ್ವರ ಬಿಟ್ಟು 'ಲೋಮ್' ಎಂದು ಅಂಟಿಕೊಳ್ಳುತ್ತದೆ, ಬಹುವಚನದಲ್ಲಿ 'ಲೇ' ಒಂದು ಜ಼ಕಾರ ಸೇರಿಸಿಕೊಂಡು 'ಲೇಜ಼ೋಮ್'. ನಮಗೆ ಲೋಪಸಂಧಿ ಗೊತ್ತಿದೆ, ಹೊಸದೇನಲ್ಲ. ಆದರೆ ವೀರ ಎಂಬರ್ಥದ 'ಎರೋ' ಇದೆಯಲ್ಲ, ಅದು ಆಸ್ಪಿರೇ ಗುಂಪಿನದು. ಅಲ್ಲಿ ಸಂಧಿಗೆ ಪ್ರವೇಶವಿಲ್ಲ. 'ಲ ಎರೋ' ಎಂದೇ ಹೇಳಬೇಕು, ಬಹುವಚನದಲ್ಲಿ 'ಲೇ ಎರೋ'. ನಡುವೆ ಒಂದು ಜ಼ಕಾರ ನುಸುಳಿದರೆ 'ಲೇ ಜ಼ೆರೋ' ಆಗುತ್ತದೆ, ವೀರರೆಲ್ಲ ಸೊನ್ನೆಗಳಾಗುತ್ತಾರೆ. ಹೋಗಲಿ ಎಂದು ವೀರನಾರಿಯ ಕಡೆ ತಿರುಗಿದರೆ ಆಕೆ ಮೂಕ ಹಕಾರದವಳು, 'ಲೆರೊಯೀನ್' ಎಂದು ಆರಾಮವಾಗಿ ಅಂಟಿಕೊಳ್ಳುತ್ತಾಳೆ. ಇದಕ್ಕೆ ಏನು ಹೇಳುವುದು?

ಇದರ ಮೇಲೆ ಇನ್ನೊಂದು ಕಿರಿಕಿರಿ. ಕಾಗದ ಹಾರಿಸುವ ಇಂಗ್ಲಿಷಿನ ಪಕಾರವನ್ನು ವರ್ಣಿಸಬೇಕಾದಾಗ ಫ್ರೆಂಚ್ ಧ್ವನಿಶಾಸ್ತ್ರಜ್ಞರು ಬಳಸುವುದೂ 'ಆಸ್ಪಿರೇ' ಎಂಬ ವಿಶೇಷಣವನ್ನೇ. ಅಲ್ಲಿ ಅದು ನಿಜವಾದ ಉಸಿರು. ಒಂದೇ ಪುಸ್ತಕದ ಒಂದು ಪುಟದಲ್ಲಿ ಆಸ್ಪಿರೇ ಎಂದರೆ ಉಸಿರು, ಇನ್ನೊಂದು ಪುಟದಲ್ಲಿ ಅದೇ ಪದಕ್ಕೆ ಉಸಿರಿಲ್ಲ. ಇಂಥ ಹೆಸರನ್ನು ಕಿತ್ತೆಸೆಯಬೇಕು ಎಂದು ಬಹಳ ದಿನ ವಾದಿಸುತ್ತಿದ್ದೆ. ಈಗ ಅಷ್ಟು ಬಿಗಿಯಾಗಿ ಹೇಳಲಾರೆ. ಲ್ಯಾಟಿನ್ನಿನಿಂದ ಬಂದ ಪದಗಳಲ್ಲಿ ಹಕಾರ ಎಂದೋ ಸತ್ತಿತ್ತು. ಫ್ರಾಂಕರೆಂಬ ಹಳೆಯ ಜನಾಂಗದ ಜರ್ಮ್ಯಾನಿಕ್ ನುಡಿಯಿಂದ ಬಂದ, ದ್ವೇಷ ಎಂಬರ್ಥದ 'ಎನ್', ನಾಚಿಕೆ ಎಂಬರ್ಥದ 'ಓಂತ್' ಮುಂತಾದವುಗಳಲ್ಲಿ ಅದು ಜೀವಂತವಾಗಿತ್ತು, ಶತಮಾನಗಳ ಕಾಲ ಫ್ರೆಂಚರು ಅದನ್ನು ಉಚ್ಚರಿಸಿದರು. ಆಮೇಲೆ ಹಕಾರ ಹೋಯಿತು, ಸಂಧಿಯನ್ನು ತಡೆಯುವ ಅಭ್ಯಾಸ ಉಳಿಯಿತು. ಹಾಗೆ ನೋಡಿದರೆ ಹೆಸರು ಹಳೆಯ ದಾಖಲೆ. ಗ್ರೀಕಿನಿಂದ ಲ್ಯಾಟಿನ್ ಮಾರ್ಗವಾಗಿ ಬಂದ 'ಎರೋ' ಈ ಗುಂಪಿಗೆ ಸೇರಿದ್ದು ಮಾತ್ರ ಅನ್ಯಾಯವೇ. ಅಂದ ಹಾಗೆ ಕೊಡಲಿಗೂ ಫ್ರೆಂಚಿನಲ್ಲಿ 'ಆಶ್' ಎಂದೇ ಹೆಸರು, ಈ ಅಕ್ಷರದ ಹೆಸರೂ ಕಿವಿಗೆ ಅದೇ. ಕೊಡಲಿಯೂ ಫ್ರಾಂಕರದ್ದೇ, ಆಸ್ಪಿರೇ ಗುಂಪಿನದ್ದೇ. ಇದರಿಂದ ಯಾವ ನಿಯಮವೂ ಹೊರಡುವುದಿಲ್ಲ, ಸುಮ್ಮನೆ ಹೇಳಿದೆ.

ಕನ್ನಡಿ, ಕನ್ನಡಿ. ಮೂಗಿನ ಕೆಳಗೆ ಅಡ್ಡ ಹಿಡಿಯಬೇಕು, ಕನ್ನಡಿ ತಣ್ಣಗಿರಬೇಕು, ಇಲ್ಲದಿದ್ದರೆ ಮಂಜು ಕೂರುವುದಿಲ್ಲ. 'ಆ' ಎನ್ನುತ್ತಿದ್ದೇನೆ: ಕನ್ನಡಿ ಸ್ವಚ್ಛ. ಫ್ರೆಂಚಿನ 'ಬ್ಲಾಂ' ಎನ್ನುತ್ತಿದ್ದೇನೆ: ಎರಡು ಹೊಳ್ಳೆಗಳ ಕೆಳಗೆ ಎರಡು ಮಬ್ಬು ಚುಕ್ಕೆ. ಇದು ಅನುನಾಸಿಕ ಸ್ವರ. ನಮ್ಮ 'ಅಂಗಡಿ'ಯಲ್ಲಿ ಅಂ ಮುಗಿಯುವಾಗ ನಾಲಗೆಯ ಹಿಂಭಾಗ ಮೇಲೆದ್ದು ಬಾಯಿಯ ದಾರಿ ಮುಚ್ಚುತ್ತದೆ. 'ಬ್ಲಾಂ' ಎನ್ನುವಾಗ ಬಾಯಿ ತೆರೆದೇ ಇರುತ್ತದೆ, ಮೂಗಿನಿಂದಲೂ ಗಾಳಿ ಹೋಗುತ್ತದೆ. ಕನ್ನಡ ಲಿಪಿಯಲ್ಲಿ ಸೊನ್ನೆ ಹಾಕಿ ಬರೆದದ್ದನ್ನು ಓದಿ ಮಕಾರವನ್ನೋ ಙಕಾರವನ್ನೋ ತುರುಕಬೇಡಿ. ಮೂಗಿನ ಬಾಗಿಲನ್ನು ತೆರೆದು ಮುಚ್ಚುವ ಮೃದು ತಾಲುವಿಗೆ ಫ್ರೆಂಚರು 'ವುವಾಲ್ ದ್ಯು ಪಾಲೆ' ಎನ್ನುತ್ತಾರೆ, ಅಂಗುಳಿನ ಪರದೆ. ಇಂಗ್ಲಿಷಿನ 'ಸಾಫ್ಟ್ ಪ್ಯಾಲೆಟ್' ಮುಟ್ಟಿ ನೋಡಿದವರ ಹೆಸರು, ಫ್ರೆಂಚಿನದು ಕೆಲಸ ನೋಡಿದವರ ಹೆಸರು. ಇಲ್ಲಿ ಫ್ರೆಂಚರಿಗೆ ಪೂರ್ತಿ ಅಂಕ.

ಪರದೆಯ ತುದಿಯಲ್ಲಿ ತೂಗುವ ಕಿರುನಾಲಗೆ ಕಾಣುತ್ತಿದೆಯೇ? ಬೆಳಕು ಸಾಲದು, ಕ್ಷಮಿಸಿ. ಫ್ರೆಂಚಿನಲ್ಲಿ ಅದು 'ಲ್ಯುಎತ್'. ಮೂಲದಲ್ಲಿ ಪುಟ್ಟ ದ್ರಾಕ್ಷಿ ಎಂಬರ್ಥದ ಪದ, ಹಿಂದಿನ ಲಕಾರ ಅಂಟಿಕೊಂಡು ಪದದ ಭಾಗವೇ ಆಗಿಬಿಟ್ಟಿತು. ಪ್ಯಾರಿಸ್ಸಿನ ರಕಾರ ಹೊರಡುವುದು ಇದೇ ನೆರೆಹೊರೆಯಲ್ಲಿ.

ತಕಾರಕ್ಕೆ ಒಂದೇ ಮಾತು. ಇಂಗ್ಲಿಷರ ನಾಲಗೆ ಹಲ್ಲಿನ ಹಿಂದಿನ ದಿಣ್ಣೆಗೆ ತಾಗುತ್ತದೆ, ಫ್ರೆಂಚರದು ಹಲ್ಲಿಗೆ. ಆದ್ದರಿಂದಲೇ ನಮಗೆ ಇಂಗ್ಲಿಷಿನ 'ಟೇಬಲ್' ಟಕಾರವಾಗಿ, ಫ್ರೆಂಚಿನ 'ತಾಬ್ಲ್' ತಕಾರವಾಗಿ ಕೇಳಿಸುತ್ತದೆ. ಇಂಗ್ಲಿಷಿನದು ನಮ್ಮ ಮೂರ್ಧನ್ಯ ಟಕಾರವಲ್ಲ, ಕಿವಿ ಹತ್ತಿರದ ಮನೆಗೆ ಸೇರಿಸಿಕೊಂಡಿದೆ ಅಷ್ಟೆ.

ಪದಕೋಶದ ಈ ಪುಟವನ್ನು ತೋರಿಸಲೇಬೇಕು. ಅಂತರರಾಷ್ಟ್ರೀಯ ಧ್ವನಿಲಿಪಿಗೆ ಇಂಗ್ಲಿಷಿನಲ್ಲಿ ಐಪಿಎ ಎನ್ನುವುದು ಫ್ರೆಂಚಿನಲ್ಲಿ ಎಪಿಐ. ಫ್ರೆಂಚ್ ಹೆಸರಿನಿಂದ ಹುಡುಕಿದರೆ ಸಾಫ್ಟ್‌ವೇರಿನ ಪಾಠಗಳೇ ಬಂದು ಬೀಳುತ್ತವೆ, ಧ್ವನಿಲಿಪಿ ಮೂಲೆಗೆ ಸೇರುತ್ತದೆ. ವಿಚಿತ್ರವೆಂದರೆ ಆ ಲಿಪಿಯನ್ನು ರೂಪಿಸಿದ ಸಂಘ ಹುಟ್ಟಿದ್ದು ಪ್ಯಾರಿಸ್ಸಿನಲ್ಲೇ, 1886ರಲ್ಲಿ, ಪೋಲ್ ಪಾಸಿ ಎಂಬ ಫ್ರೆಂಚ್ ಶಿಕ್ಷಕರ ಮುಂದಾಳತ್ವದಲ್ಲಿ. ಅವರ ಪತ್ರಿಕೆಯ ಬರಹಗಳು ಧ್ವನಿಲಿಪಿಯಲ್ಲೇ ಅಚ್ಚಾಗುತ್ತಿದ್ದವು. ಓದಲು ಪ್ರಯತ್ನಿಸಿ, ಕಣ್ಣು ಸೋಲುತ್ತದೆ, ಬಾಯಿ ಮಾತ್ರ ಕಲಿಯುತ್ತದೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ. 'ಲಿಯೇಜ಼ೋಂ' ಉಳಿದಿದೆ, ಬೇಗ ಹೇಳುತ್ತೇನೆ. ಈ ಪದವನ್ನು ಇಂಗ್ಲಿಷ್ ಹಾಗೆಯೇ ಎರವಲು ಪಡೆದಿದೆ, ಅಲ್ಲಿ ಜೋಡಿ ಹುಡುಕುವ ಕಷ್ಟವಿಲ್ಲ. ಒಂಟಿಯಾಗಿದ್ದಾಗ ಕೇಳಿಸದ ಕೊನೆಯ ವ್ಯಂಜನ ಮುಂದಿನ ಸ್ವರ ಕಂಡೊಡನೆ ಎದ್ದು ಬರುವುದೇ ಲಿಯೇಜ಼ೋಂ. ಮೊದಲೇ ಕೇಳಿಸುತ್ತಿದ್ದ ವ್ಯಂಜನ ಮುಂದಿನ ಪದಕ್ಕೆ ಜರುಗಿದರೆ ಅದು 'ಆಂಶೆನ್‌ಮಾಂ', ಬೇರೆಯೇ ಪದ. ಎದ್ದು ಬರುವ ವ್ಯಂಜನ ಬರವಣಿಗೆಯಲ್ಲಿರುವ ಹಾಗೆಯೇ ಬರಬೇಕೆಂದೂ ಇಲ್ಲ. 'ಗ್ರಾಂ' ಪದದ ಕೊನೆಯಲ್ಲಿ ಬರೆಯುವುದು ದಕಾರ. ಅದರ ಮುಂದೆ 'ಓಮ್' ಇಟ್ಟರೆ ಕೇಳಿಸುವುದು 'ಗ್ರಾಂತೋಮ್', ತಕಾರ. ಏಕೆ ಎಂದು ಮುಂದಿನ ವಿಡಿಯೊದಲ್ಲಿ ಹೇಳುತ್ತೇನೆ, ಮೈಕ್ ಪಕ್ಕಕ್ಕೇ ತಿರುಗಿರುತ್ತದೆ.