ಗೆಡ್ಡೆಯ ಮೇಲಿನ ಗುರುತಿಗೂ ಒಂದು ತಾರೀಖಿದೆ

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ವಸ್ತುವನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ನೋಡಿ ಹಿಂದಕ್ಕೆ ದಾಟಿಸಿ. ಬೆಂಕಿಪೊಟ್ಟಣದಷ್ಟು ಅಗಲ, ಪ್ಲಾಸ್ಟಿಕ್ ತಟ್ಟೆಗೆ ಅಂಟಿದ ಬಿಳಿ ಮೇಣ. ಇದನ್ನು ನಾವು ಬ್ಲಾಕ್ ಎನ್ನುತ್ತೇವೆ. ಹೆದರಬೇಡಿ, ಇದರೊಳಗೆ ಯಾರ ಮಾಂಸವೂ ಇಲ್ಲ, ತೋರಿಸುವುದಕ್ಕೆಂದೇ ಖಾಲಿ ಮೇಣ ಹುಯ್ದು ತಂದಿದ್ದೇನೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ಚೂರನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಹೀಗೆ ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟು ನೋಡುವುದು ನನ್ನಂಥ ಪೆಥಾಲಜಿಸ್ಟರ ನಿತ್ಯದ ಕೆಲಸ. ಹಾಸನದಲ್ಲಿ ಇಷ್ಟು ವರ್ಷ ಚೂರುಗಳನ್ನೇ ನೋಡಿದ್ದೇನೆ, ಮುಖಗಳನ್ನು ನೋಡಿದ್ದು ಕಡಿಮೆ.

ಹಾಗೆ ನೋಡಿದ ಒಂದು ಮುಖ ಅರಸೀಕೆರೆ ಕಡೆಯ ಒಬ್ಬ ಹೆಣ್ಣುಮಗಳದು. ಅವರ ತಾಯಿಗೆ ಒಂದೂವರೆ ವರ್ಷದ ಹಿಂದೆ ಬೇರೆ ಊರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಆರು ಸುತ್ತು ಕಿಮೋ ಮುಗಿದು, ಈಗ ಮತ್ತೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಮಗಳು ಸ್ಟೀಲಿನ ಎಲೆಯಡಿಕೆ ಡಬ್ಬಿ ತೆರೆದು, ಅದರೊಳಗಿನ ಬ್ಲಾಕನ್ನು ಮೇಜಿನ ಮೇಲಿಟ್ಟರು. ಮೇಣಕ್ಕೆ ಸುಣ್ಣದ ವಾಸನೆ ಹತ್ತಿತ್ತು. "ಮೇಡಂ, ಇದರ ಮೇಲಿರುವ ಗುರುತು ನೋಡಿ ಅಮ್ಮನಿಗೆ ಯಾವ ಔಷಧಿ ಹಿಡಿಯುತ್ತದೆ ಎಂದು ಹೇಳುತ್ತಾರಂತಲ್ಲ, ಜಾತಕ ನೋಡಿದ ಹಾಗೆ?" ಎಂದು ಕೇಳಿದರು. ಅವತ್ತು ಐದು ನಿಮಿಷದಲ್ಲಿ ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ.

ಗುರುತು ಎಂದರೇನು? ಇಲ್ಲಿ ಸಕಲೇಶಪುರ, ಆಲೂರು, ಬೇಲೂರಿನ ಕಾಫಿಯವರು ಬಹಳ ಜನ ಇದ್ದೀರಿ. ರೊಬಸ್ಟಾ ಗಿಡದಲ್ಲಿ ನೆಟ್ಟಗೆ ಮೇಲೇಳುವ ಚಿಗುರನ್ನು ಕತ್ತರಿಸಿ ಬೇರು ಬರಿಸಿದರೆ ನೆಟ್ಟಗೆ ಬೆಳೆಯುವ ಗಿಡ ಸಿಗುತ್ತದೆ. ಅದೇ ಗಿಡದ ಪಕ್ಕದ ರೆಂಬೆಯನ್ನು ಕತ್ತರಿಸಿ ನೆಟ್ಟರೆ ಅದೂ ಬೇರು ಬಿಡುತ್ತದೆ, ಎಲೆಯೊಡೆಯುತ್ತದೆ, ಆದರೆ ಅಡ್ಡಡ್ಡವಾಗಿಯೇ ಹರಡುತ್ತದೆ, ತಲೆ ಎತ್ತುವುದಿಲ್ಲ. ಎರಡರಲ್ಲೂ ಇರುವುದು ಒಂದೇ ಗಿಡದ ಅವೇ ಜೀನುಗಳು. ತಾವು ಎಲ್ಲಿದ್ದೆವು ಎಂಬ ನೆನಪನ್ನು ಮಾತ್ರ ಕೋಶಗಳು ಬಿಟ್ಟಿಲ್ಲ. ಜೀನಿನ ಅಕ್ಷರ ಬದಲಾಗದೆ ಕೋಶದಿಂದ ಕೋಶಕ್ಕೆ ದಾಟುವ ಇಂಥ ನೆನಪಿನ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. 1942ರಲ್ಲಿ ಬ್ರಿಟನ್ನಿನ ಕಾನ್ರಾಡ್ ವಾಡಿಂಗ್‌ಟನ್ ಆ ಪದವನ್ನು ಬಳಕೆಗೆ ತಂದಾಗ ಡಿಎನ್‌ಎಯ ರಚನೆಯೇ ಗೊತ್ತಿರಲಿಲ್ಲ.

ನೆನಪು ಉಳಿಯುವ ಬಗೆಗಳಲ್ಲಿ ಒಂದನ್ನು ಹೇಳಿದರೆ ಸಾಕು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ ಎಂಬುದಕ್ಕೆ ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಳ್ಳುತ್ತದೆ. ಆ ಹೆಣ್ಣುಮಗಳು ಕೇಳಿದ ಗುರುತು ಇದೇ. ಜೀನಿನ ಹೊಸ್ತಿಲಲ್ಲಿ ಇವು ಒತ್ತಾಗಿ ಅಂಟಿದರೆ ಆ ಜೀನಿಗೆ ಬೀಗ ಬಿದ್ದಂತೆ. ಹಾಸನದವರಿಗೆ ಬೀಗದ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹಾಸನಾಂಬೆಯ ಗುಡಿ ಆಶ್ವಯುಜದಲ್ಲಿ ತೆರೆದು, ದೀಪಾವಳಿಯ ಹೊತ್ತಿಗೆ ಮುಚ್ಚಿದರೆ ಮತ್ತೆ ಒಂದು ವರ್ಷ ಬಾಗಿಲು ತೆಗೆಯುವುದಿಲ್ಲ. ಬಾಗಿಲು ಮುಚ್ಚಿದೆ ಎಂದು ತಾಯಿ ಒಳಗಿಲ್ಲ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಕ್ಯಾನ್ಸರಿನ ಮಾತಿನಲ್ಲಿ ದೇವಿಯ ಹೆಸರು ತಂದದ್ದಕ್ಕೆ ಹಿರಿಯರು ಕ್ಷಮಿಸಬೇಕು. ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಗಲಿಲ್ಲ.

ಈಗ ಅಂಡಾಶಯಕ್ಕೆ ಬರೋಣ. ಈ ಕ್ಯಾನ್ಸರಿಗೆ ಮುಖ್ಯ ಔಷಧಿ ಪ್ಲಾಟಿನಂ, ಅಂದರೆ ಸಿಸ್‌ಪ್ಲಾಟಿನ್ ಮತ್ತು ಅದರ ತಂಗಿಯಂಥ ಕಾರ್ಬೋಪ್ಲಾಟಿನ್. ಅದು ಗೆಡ್ಡೆಯ ಡಿಎನ್‌ಎಗೆ ಅಂಟಿ ಎಳೆಗಳನ್ನು ಗಂಟು ಹಾಕುತ್ತದೆ. ಗಂಟು ಬಿಡಿಸಿ ರಿಪೇರಿ ಮಾಡುವವರಲ್ಲಿ 1994ರಲ್ಲಿ ಪತ್ತೆಯಾದ ಬಿಆರ್‌ಸಿಎ1 ಎಂಬ ಜೀನಿನ ಪಾತ್ರ ದೊಡ್ಡದು. ಗೆಡ್ಡೆಯಲ್ಲಿ ಅದು ಕೆಟ್ಟಿದ್ದರೆ ರಿಪೇರಿ ನಡೆಯದೆ ಕೋಶ ಸಾಯುತ್ತದೆ, ಔಷಧಿ ಚೆನ್ನಾಗಿ ಹಿಡಿಯುತ್ತದೆ. ಕೆಡುವುದು ಎರಡು ರೀತಿ: ಅಕ್ಷರವೇ ತಪ್ಪಿದರೆ ಮ್ಯುಟೇಷನ್, ಗೋಡೆ ಕುಸಿದ ಹಾಗೆ. ಮೀಥೈಲ್ ಅಂಟಿದರೆ ಬೀಗ. ಗೋಡೆ ಬಿದ್ದರೂ ಬೀಗ ಬಿದ್ದರೂ ಒಳಗಿನ ಕೆಲಸ ನಿಂತಿತು ತಾನೇ, ಫಲ ಒಂದೇ ಆಗಬೇಕಲ್ಲ?

ಆಗಲಿಲ್ಲ. 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಅಂಡಾಶಯದ 489 ಗೆಡ್ಡೆಗಳ ವಿವರ ಪ್ರಕಟಿಸಿತು. ನೂರಕ್ಕೆ ಸುಮಾರು 11ರಲ್ಲಿ ಬಿಆರ್‌ಸಿಎ1ಗೆ ಬೀಗ ಬಿದ್ದಿತ್ತು. ಮ್ಯುಟೇಷನ್ ಇದ್ದವರು ಹೆಚ್ಚು ಕಾಲ ಬದುಕಿದ್ದರು. ಬೀಗ ಬಿದ್ದವರಿಗೆ ಆ ಲಾಭ ಕಾಣಲಿಲ್ಲ, ಉಳಿದವರಷ್ಟೇ ಆಯಸ್ಸು. ಅದನ್ನು ಓದಿದ ದಿನ ನಾನೂ ಈ ಗುರುತಿನಿಂದ ಏನೂ ಪ್ರಯೋಜನವಿಲ್ಲ ಎಂದುಕೊಂಡೆ. ಅದು ಅವಸರದ ತೀರ್ಮಾನ. ಗೆಡ್ಡೆಯ ಕೋಶದಲ್ಲಿ ಒಂದು ಜೀನಿಗೆ ಎರಡು ಪ್ರತಿ, ಕೆಲವೊಮ್ಮೆ ಹೆಚ್ಚೂ ಇರುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರತಿಗಳನ್ನು ಎಣಿಸಿ ನೋಡಿದರು. ಎಲ್ಲ ಪ್ರತಿಗಳಿಗೂ ಬೀಗ ಬಿದ್ದಿದ್ದರೆ ರಿಪೇರಿ ಕೆಟ್ಟ ಕೋಶಗಳನ್ನು ಕೊಲ್ಲುವ ರುಕಾಪರಿಬ್ ಎಂಬ ಇನ್ನೊಂದು ಔಷಧಿ ಹಿಡಿಯಿತು. ಒಂದೇ ಒಂದು ಬಾಗಿಲು ತೆರೆದಿದ್ದರೂ ರಿಪೇರಿಗೆ ಅದು ಸಾಕಾಯಿತು. ಇನ್ನೊಂದು ಮಾತು: ಮೊದಲು ಬಿದ್ದಿದ್ದ ಬೀಗ ಕಿಮೋ ಆದಮೇಲೆ ಕಳಚಿರುವುದೂ ಕಂಡಿತು. ಬಿದ್ದ ಗೋಡೆ ಮತ್ತೆ ಏಳುವುದು ಸುಲಭವಲ್ಲ, ಬೀಗ ತೆರೆಯುವುದಕ್ಕೆ ಅಷ್ಟು ಕಷ್ಟವಿಲ್ಲ.

ಇದರ ತದ್ವಿರುದ್ಧವೂ ಉಂಟು. ಎಂಎಲ್ಎಚ್1 ಎಂಬ ಜೀನು ಪ್ಲಾಟಿನಂ ಮಾಡಿದ ಹಾನಿಯನ್ನು ಗುರುತಿಸಿ, ಕೋಶ ಸಾಯಲಿ ಎಂದು ಗಂಟೆ ಬಾರಿಸುತ್ತದೆ. ಅದಕ್ಕೆ ಬೀಗ ಬಿದ್ದರೆ ಗಂಟೆ ಕೇಳಿಸದ ಕೋಶ ಬದುಕಿಕೊಳ್ಳುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗ ಮರುಕಳಿಸಿದ ಮಹಿಳೆಯರ ರಕ್ತದ ಮಾದರಿಗಳಲ್ಲಿ ನಾಲ್ಕರಲ್ಲಿ ಒಂದಂಶದಷ್ಟರಲ್ಲಿ ಈ ಬೀಗ ಹೊಸದಾಗಿ ಕಂಡಿತು. ಕಿಮೋಗೆ ಮುಂಚೆ ಅವರ ರಕ್ತದಲ್ಲಿ ಅದು ಇರಲಿಲ್ಲ. ಒಂದು ಜೀನಿನ ಬೀಗ ರೋಗಿಗೆ ಅನುಕೂಲ, ಇನ್ನೊಂದರ ಬೀಗ ಗೆಡ್ಡೆಗೆ ಅನುಕೂಲ. ಬೀಗ ತೆಗೆಯುವ ಡೆಸಿಟಬಿನ್‌ನಂಥ ಔಷಧಿಗಳನ್ನು ಪ್ಲಾಟಿನಂ ಜೊತೆ ಕೊಟ್ಟು ನೋಡಿದ್ದೂ ಆಗಿದೆ. ಒಂದು ಕಡೆ ಆಸೆ ಹುಟ್ಟಿಸಿತು, ಇನ್ನೊಂದು ಕಡೆ ನಿರಾಸೆ ಮಾಡಿತು.

ಬೀಗವನ್ನು ಕಾಣುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಡಿಎನ್‌ಎಯನ್ನು ಬೈಸಲ್ಫೈಟ್‌ನಲ್ಲಿ ನೆನೆಸಿದರೆ ಮೀಥೈಲ್ ಇಲ್ಲದ ಸಿ ಬೇರೆ ಅಕ್ಷರವಾಗಿ ಬದಲಾಗುತ್ತದೆ, ಮೀಥೈಲ್ ಇರುವುದು ಹಾಗೇ ಉಳಿಯುತ್ತದೆ. ಅರಿಸಿನಕ್ಕೆ ಸುಣ್ಣ ತಾಗಿಸಿ ಬಣ್ಣ ನೋಡಿದಂತೆ. ಆಮೇಲೆ ಓದುವ ಯಂತ್ರದ ಕೆಲಸ. ತೊಡಕಿರುವುದು ಮಾದರಿಯಲ್ಲಿ: ಚೂರಿನಲ್ಲಿ ಗೆಡ್ಡೆಯ ಜೊತೆ ರಕ್ತನಾಳ, ಬಿಳಿ ರಕ್ತಕಣಗಳೂ ಬೆರೆತಿರುತ್ತವೆ. ನೂರಕ್ಕೆ ಐವತ್ತು ಬೀಗ ಎಂದು ವರದಿ ಬಂದರೆ, ಗೆಡ್ಡೆಯ ಅರ್ಧ ಪ್ರತಿಗಳಿಗೆ ಬಿದ್ದಿದೆಯೋ, ಎಲ್ಲಕ್ಕೂ ಬಿದ್ದು ಉಳಿದದ್ದು ಬರೀ ಆರೋಗ್ಯವಂತ ಕೋಶವೋ? ಚೂರಿನಲ್ಲಿ ಗೆಡ್ಡೆ ಎಷ್ಟು ಪಾಲು ಎಂದು ಕಣ್ಣಿನಲ್ಲಿ ಅಳೆಯುವ ಪೆಥಾಲಜಿಸ್ಟ್ ಬೇಕಾಗುವುದು ಅಲ್ಲೇ. ನಮ್ಮ ಅನ್ನಕ್ಕೆ ಸದ್ಯಕ್ಕೆ ಕಲ್ಲು ಬಿದ್ದಿಲ್ಲ.

ಆ ಮಗಳಿಗೆ ನಾನು ಹೇಳಿದ್ದು ಇಷ್ಟು: "ನೋಡಮ್ಮ, ಈ ಬ್ಲಾಕ್ ಒಂದೂವರೆ ವರ್ಷ ಹಳೆಯದು. ಇದಾದಮೇಲೆ ಆರು ಸುತ್ತು ಕಿಮೋ ಹೋಗಿದೆ. ಇದರ ಬೀಗ ನೋಡಿದರೆ ಅವತ್ತಿನ ಗೆಡ್ಡೆಯ ವಿಷಯ ಗೊತ್ತಾಗುತ್ತದೆ, ಇವತ್ತಿನದನ್ನು ಕೇಳಬೇಕಾದರೆ ಹೊಟ್ಟೆಯ ನೀರನ್ನು ತೆಗೆದು ಅದರಲ್ಲಿರುವ ಕೋಶಗಳನ್ನು ನೋಡಬೇಕು." ಆಮೇಲೆ ಕೊನೆಯ ಕಿಮೋ ಯಾವಾಗ ಆಯಿತು ಎಂದು ಕೇಳಿದೆ. ಹನ್ನೊಂದು ತಿಂಗಳು ಎಂದರು. ಪ್ಲಾಟಿನಂ ನಿಲ್ಲಿಸಿ ಆರು ತಿಂಗಳು ದಾಟಿದ ಮೇಲೆ ರೋಗ ಬಂದರೆ ಮತ್ತೆ ಪ್ಲಾಟಿನಂ ಹಿಡಿಯುವ ಸಂಭವ ಹೆಚ್ಚು. ವೈದ್ಯರು ದಶಕಗಳಿಂದ ನಂಬಿರುವ ಲೆಕ್ಕ ಇದು, ಇದಕ್ಕೆ ಬೇಕಾದ ಉಪಕರಣ ಗೋಡೆಯ ಕ್ಯಾಲೆಂಡರ್. ಈ ಕ್ಯಾನ್ಸರಿಗೆ ಮೀಥೈಲ್ ಪರೀಕ್ಷೆಯೊಂದನ್ನೇ ನೆಚ್ಚಿ ಔಷಧಿ ಬರೆಯುವ ಕಾಲ ಇನ್ನೂ ಬಂದಿಲ್ಲ. ಬಂದಿದೆ ಎಂದು ದುಬಾರಿ ಪ್ಯಾಕೇಜು ಮಾರುವವರ ಮೇಲೆ ನನಗೆ ಸಿಟ್ಟಿದೆ. ಆ ತಾಯಿಗೆ ಬೆಂಗಳೂರಿನಲ್ಲಿ ಮತ್ತೆ ಕಾರ್ಬೋಪ್ಲಾಟಿನ್ ಕೊಟ್ಟರು. ಎರಡನೇ ಸುತ್ತಿಗೆ ಹೊಟ್ಟೆಯ ನೀರು ಇಳಿಯಿತು ಎಂದು ಮಗಳು ಫೋನ್ ಮಾಡಿದ್ದರು.

ಅವರು ಬಾಗಿಲ ಬಳಿ ನಿಂತು ಇನ್ನೊಂದು ಪ್ರಶ್ನೆ ಕೇಳಿದ್ದರು: "ಇದು ನನಗೂ ಬರುತ್ತದೆಯೇ?" ಗೆಡ್ಡೆಯಲ್ಲಿ ಬಿದ್ದ ಬೀಗ ಸಾಮಾನ್ಯವಾಗಿ ಅಲ್ಲೇ ಹುಟ್ಟಿದ್ದು, ಮಕ್ಕಳಿಗೆ ದಾಟುವುದಿಲ್ಲ. ಹುಟ್ಟಿನಿಂದ ಬಂದ ಬಿಆರ್‌ಸಿಎ ಮ್ಯುಟೇಷನ್ ಮಾತ್ರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವದಲ್ಲಿ ಬರಬಹುದು. ಆದ್ದರಿಂದ ತಾಯಿಗೆ ಆ ರಕ್ತಪರೀಕ್ಷೆ ಮಾಡಿಸಿ ಎಂದೆ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಮತ್ತೆಮತ್ತೆ ಮೂತ್ರಕ್ಕೆ ಹೋಗಬೇಕೆನ್ನಿಸುವುದು ವಾರಗಟ್ಟಲೆ ಇದ್ದರೆ ಗ್ಯಾಸ್ ಮಾತ್ರೆ ನುಂಗಿ ಕೂರಬೇಡಿ ಎಂದೂ ಹೇಳಿದೆ. ರೋಗಲಕ್ಷಣವಿಲ್ಲದವರಿಗೆಲ್ಲ ಪರೀಕ್ಷೆ ಮಾಡಿಸಿ ಬೇಗ ಹಿಡಿಯೋಣವೆಂದು ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಸಾವುಗಳು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು.

ನಿಮ್ಮ ಮನೆಯಲ್ಲಿ ಯಾರದಾದರೂ ಬ್ಲಾಕ್ ಇದ್ದರೆ ಎಸೆಯಬೇಡಿ. ಪೆಥಾಲಜಿ ಸಂಖ್ಯೆ, ತೆಗೆದ ತಾರೀಖು, ಅದು ಕಿಮೋಗೆ ಮುಂಚಿನದೋ ಆಮೇಲಿನದೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಎಲೆಯಡಿಕೆ ಡಬ್ಬಿಯಾದರೂ ಪರವಾಗಿಲ್ಲ, ಒಲೆಯ ಪಕ್ಕದಲ್ಲಿ ಮಾತ್ರ ಬೇಡ. ನಾನು ಕೊಟ್ಟ ಮೇಣ ಈಗ ಕೊನೆಯ ಸಾಲಿಗೆ ಹೋಗಿರುವಂತಿದೆ. ಅಣ್ಣ, ಅದನ್ನು ಕಿಟಕಿಯ ಬಿಸಿಲಿನಿಂದ ಸ್ವಲ್ಪ ಈಚೆಗೆ ಇಡಿ.